ಮದುವೆ ಆದಮೇಲೆ ಅವರೆಲ್ಲ ಏನಾದರು?

ರೊಮ್ಯಾಂಟಿಕ್ ಕಾಮಿಡಿ ಕಾದಂಬರಿಗಳ ಸರಣಿಯೊಂದು ಶುರುವಾದಾಗ ವಿಮರ್ಶೆ ಬರೆಯುವವರೆಲ್ಲ ಮೊದಲ ಪುಸ್ತಕದ ಮೇಲೇ ಉತ್ಸಾಹವನ್ನೆಲ್ಲ ಸುರಿದುಬಿಡುತ್ತಾರೆ. ಎರಡನೆಯದು ಬಂದಾಗ "ಮೊದಲಿನಷ್ಟು ಮಜಾ ಇಲ್ಲ" ಅಥವಾ "ಮೊದಲಿನದಕ್ಕಿಂತ ವಾಸಿ" ಅನ್ನುವುದರಲ್ಲಿ ಮಾತು ಮುಗಿಯುತ್ತದೆ. ಮೂರನೆಯದಕ್ಕೆ ಮೂರೋ ನಾಲ್ಕೋ ಸ್ಟಾರ್ ಹಾಕಿ ಮುಂದೆ ಹೋಗುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸರಣಿಯಾಗಿ ಬರೆದದ್ದನ್ನು ಸರಣಿಯಾಗಿಯೇ ಓದಬೇಕು, ಹಾಗೆಯೇ ತೂಗಬೇಕು. ಹಾಗೆ ತೂಗುವಾಗ ಹೊಸ ಪುಸ್ತಕದ ಹೊಸ ಜೋಡಿಗಿಂತ ಮೊದಲು ನಾನು ಹುಡುಕುವುದು ಹಳೇ ಜೋಡಿಯನ್ನು. ಹೋದ ಪುಸ್ತಕದ ಕೊನೇ ಪುಟದಲ್ಲಿ ಕೈ ಕೈ ಹಿಡಿದು ನಿಂತಿದ್ದರಲ್ಲ, ಅವರು ಈಗ ಹೇಗಿದ್ದಾರೆ? ಒಬ್ಬರ ಮಾತಿಗೆ ಇನ್ನೊಬ್ಬರು ಈಗಲೂ ನಗುತ್ತಾರಾ? ತಂಗಿ ಅಳುತ್ತಾ ಬಂದರೆ ಅವಳ ಮಾತು ಕೇಳುವಷ್ಟು ಪುರುಸೊತ್ತು ಆ ಮನೆಯಲ್ಲಿ ಇದೆಯಾ? ಇದಕ್ಕೆಲ್ಲ ಉತ್ತರ ಯೋಚಿಸಿಟ್ಟುಕೊಂಡು ಬರೆಯುವ ಲೇಖಕಿಯ ಸರಣಿ ಗಟ್ಟಿಯಾಗಿರುತ್ತದೆ. ಯೋಚಿಸದವರದ್ದು ಎರಡನೇ ಪುಸ್ತಕಕ್ಕೇ ಸೊರಗುತ್ತದೆ.

ಈ ಸರಣಿಗಳಲ್ಲಿ ಎರಡು ಬಗೆ. ಒಂದರಲ್ಲಿ ಅದೇ ನಾಯಕಿ, ಅದೇ ನಾಯಕ. ಪುಸ್ತಕದಿಂದ ಪುಸ್ತಕಕ್ಕೆ ಅವರ ಬದುಕೇ ಮುಂದುವರಿಯುತ್ತದೆ. ಇನ್ನೊಂದರಲ್ಲಿ ಒಂದು ಮನೆತನ, ಒಂದು ಗೆಳೆಯರ ಗುಂಪು ಅಥವಾ ಒಂದು ಸಣ್ಣ ಊರು ಇರುತ್ತದೆ, ಪುಸ್ತಕಕ್ಕೊಂದು ಜೋಡಿ. ಅಕ್ಕನದು ಮುಗಿದ ಮೇಲೆ ತಂಗಿಯದು, ಅಣ್ಣನದು ಮುಗಿದ ಮೇಲೆ ಅವನ ಗೆಳೆಯನದು. ಈಗ ಹೆಚ್ಚು ಬರುತ್ತಿರುವುದು ಈ ಎರಡನೇ ಬಗೆಯವು. ಕಾರಣ ಊಹಿಸುವುದು ಕಷ್ಟವಿಲ್ಲ. ಈ ಪ್ರಕಾರದ ಕಾದಂಬರಿ ಮುಗಿಯುವಾಗ ಜೋಡಿ ಸುಖವಾಗಿರಲೇಬೇಕು. ಸುಖವಾಗಿರುವವರನ್ನು ಇಟ್ಟುಕೊಂಡು ಮತ್ತೆ ಮುನ್ನೂರು ಪುಟ ಬರೆಯಬೇಕೆಂದರೆ ಅವರ ಸುಖ ಕೆಡಿಸಬೇಕಾಗುತ್ತದೆ. ಅದರ ಬದಲು ಅವರನ್ನು ಪಕ್ಕಕ್ಕೆ ಕೂರಿಸಿ, ಅಲ್ಲೇ ಮೂಲೆಯಲ್ಲಿದ್ದ ಇನ್ನೊಬ್ಬಳನ್ನು ಮುಂದಕ್ಕೆ ಕರೆಯುವುದು ವಾಸಿ.

ನಾನು ಇವನ್ನೆಲ್ಲ ಓದುವುದು ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಲೇಡೀಸ್ ಬೋಗಿಯಲ್ಲಿ ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಎಲ್ಲರೂ ಅವರವರ ಕೆಲಸಕ್ಕೆ ಇಳಿದಿರುತ್ತಾರೆ. ಒಬ್ಬರು ಅವರೆಕಾಯಿ ಸುಲಿಯುತ್ತಾರೆ, ಒಬ್ಬರು ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಾರೆ, ಒಂದಿಷ್ಟು ಜನ ಹಿರೇಹಳ್ಳಿ ಬರುವಷ್ಟರಲ್ಲಿ ನಿದ್ದೆ. ನನ್ನ ಕೈಯಲ್ಲಿ ಬಣ್ಣಬಣ್ಣದ ರಕ್ಷಾಪುಟದ ಪುಸ್ತಕ. ಅದನ್ನು ನೋಡಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಒಂದು ಸಲ ನೇರವಾಗಿ ಕೇಳಿದರು:

"ಅಲ್ಲ ಕಣಮ್ಮ, ಕೊನೆಗೆ ಒಂದಾಗ್ತಾರೆ ಅಂತ ಮೊದಲೇ ಗೊತ್ತಿರುತ್ತಲ್ಲ. ಆಮೇಲೆ ಅದರಲ್ಲಿ ಓದೋಕೆ ಏನಿರುತ್ತೆ?"

ನಾನು ಬಾಯಿ ಬಿಡುವ ಮೊದಲೇ ಎದುರು ಸೀಟಿನಲ್ಲಿದ್ದ ಸ್ಟಾಫ್ ನರ್ಸ್ ಅಕ್ಕ ಉತ್ತರ ಕೊಟ್ಟರು. ನನ್ನಿಂದ ಪುಸ್ತಕ ಇಸಕೊಂಡು ಓದುವವರು ಅವರು. "ನಂಗೆ ಡ್ಯೂಟೀಲಿ ದಿನಾ ಕೊನೇಗೆ ಏನಾಗುತ್ತೋ ಗೊತ್ತಿರಲ್ಲ ಮೇಡಂ. ಓದೋ ಪುಸ್ತಕದಲ್ಲಾದ್ರೂ ಗೊತ್ತಿರಲಿ ಬಿಡಿ."

ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ನಾನು ಎಲ್ಲೂ ಓದಿಲ್ಲ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಇಟ್ಟಿರುವುದು ಎರಡೇ ಷರತ್ತು: ಕತೆಯ ನಡುಮನೆಯಲ್ಲಿ ಪ್ರೇಮ ಇರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಡುವಂತೆ, ಭರವಸೆ ಮೂಡಿಸುವಂತೆ ಇರಬೇಕು. ಎರಡನೇ ಷರತ್ತಿನಿಂದಾಗಿ ಓದುಗಳ ಗಮನ "ಏನಾಗುತ್ತದೆ" ಅನ್ನುವುದರಿಂದ "ಹೇಗಾಗುತ್ತದೆ" ಅನ್ನುವುದಕ್ಕೆ ಸರಿಯುತ್ತದೆ. ರಾಮನವಮಿ ಪೆಂಡಾಲಿನಲ್ಲಿ ಹರಿಕಥೆ ಕೇಳಲು ಕೂತವರಿಗೆ ರಾವಣ ಸಾಯುತ್ತಾನೆ ಅಂತ ಗೊತ್ತಿಲ್ಲವೇ? ಅವರು ಕೂತಿರುವುದು ದಾಸರು ಇವತ್ತು ಅಂಗದನ ಸಂಧಾನವನ್ನು ಹೇಗೆ ಹೇಳುತ್ತಾರೆ ಅಂತ ನೋಡಲು. ರೊಮ್ಯಾಂಟಿಕ್ ಕಾಮಿಡಿ ಓದುವವಳೂ ಅಷ್ಟೇ ಕಟ್ಟುನಿಟ್ಟಿನ ಶ್ರೋತೃ. ಜಗಳ ಪೊಳ್ಳಾಗಿದ್ದರೆ, ರಾಜಿ ಅಗ್ಗವಾಗಿದ್ದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ನಗುವಿನ ವಿಷಯ. ನಮ್ಮ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಶುರುವಾಯಿತು. ಅದನ್ನು ದೇಶಕ್ಕೆಲ್ಲ ಪರಿಚಯಿಸಿದ ಗುಬ್ಬಿ ವೀರಣ್ಣನವರು ಹೆಸರಾದದ್ದು ಹಾಸ್ಯಪಾತ್ರಗಳಿಂದ. ಕಂಪನಿ ನಾಟಕಗಳ ಪದ್ಧತಿಯಲ್ಲಿ ಸಾಮಾನ್ಯವಾಗಿ ಪ್ರೇಮ ರಾಜಾಪಾರ್ಟಿನವರ ಸ್ವತ್ತು, ನಗು ಹಾಸ್ಯಪಾತ್ರದವರ ಸ್ವತ್ತು. ನಾಯಕ ನಾಯಕಿ ಉದ್ಯಾನದಲ್ಲಿ ಹಾಡುತ್ತಾರೆ. ಪರದೆ ಬಿದ್ದು ಎದ್ದಾಗ ಆಳು ಮತ್ತು ದಾಸಿ ಬಂದು ಸಭೆಯನ್ನು ನಗಿಸುತ್ತಾರೆ. ನಮ್ಮ ಸಿನಿಮಾ ಬಹಳ ಕಾಲ ಇದನ್ನೇ ಮುಂದುವರಿಸಿತು. ಬರವಣಿಗೆಯ ಲೋಕದಲ್ಲೂ ಎರಡು ಹೊಳೆಗಳು ಬೇರೆ ಬೇರೆಯಾಗಿಯೇ ಹರಿದವು. ಒಂದು ಕಡೆ 1942ರಿಂದ 1967ರವರೆಗೆ ನಡೆದ ಹಾಸ್ಯಪತ್ರಿಕೆ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮನವರು ಗಂಡ ಹೆಂಡತಿ ಸಂಸಾರದ ಬಗ್ಗೆ ಹೊಟ್ಟೆ ಹುಣ್ಣಾಗುವಂತೆ ಬರೆಯುತ್ತಿದ್ದರು. ಇನ್ನೊಂದು ಕಡೆ ತ್ರಿವೇಣಿ (1928–1963) ಅದೇ ಸಂಸಾರದೊಳಗೆ ಹೆಣ್ಣಿನ ಮನಸ್ಸು ಹೇಗೆ ಮುರಿಯುತ್ತದೆ ಅಂತ ಬರೆದು ಅಳಿಸುತ್ತಿದ್ದರು. ಇಬ್ಬರೂ ನನಗೆ ದೊಡ್ಡವರು. ಆದರೆ ಪ್ರೀತಿಸುವ ಹೆಣ್ಣೇ ನಗಿಸುವ ಹೆಣ್ಣೂ ಆಗಿರುವ ಕಾದಂಬರಿ ನನ್ನ ಓದಿಗೆ ಸಿಕ್ಕಿದ್ದು ತುಂಬ ಕಡಿಮೆ. ರೊಮ್ಯಾಂಟಿಕ್ ಕಾಮಿಡಿ ನನ್ನನ್ನು ಹಿಡಿದಿಟ್ಟಿದ್ದು ಇಲ್ಲೇ. ಅಲ್ಲಿ ರಾಜಾಪಾರ್ಟೂ ಹಾಸ್ಯಪಾತ್ರವೂ ಒಬ್ಬರೇ. ನಾಯಕಿ ಎಡವುತ್ತಾಳೆ, ಬಡಬಡಿಸುತ್ತಾಳೆ, ಆಡಬಾರದ ಹೊತ್ತಲ್ಲಿ ಆಡಬಾರದ ಮಾತಾಡುತ್ತಾಳೆ, ಅಂಥವಳೇ ಪ್ರೀತಿಗೆ ಪಾತ್ರಳಾಗುತ್ತಾಳೆ. ಅವಳು ಮೊದಲು ತಿದ್ದಿಕೊಂಡು ಆಮೇಲೆ ಪ್ರೀತಿ ಪಡೆಯಬೇಕಾಗಿಲ್ಲ.

ನಮ್ಮ ದೇಶದ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಅನುಜಾ ಚೌಹಾನ್ ಅವರು ಇಂಗ್ಲಿಷಿನಲ್ಲಿ ಬರೆದ ಠಾಕೂರ್ ಅಕ್ಕತಂಗಿಯರ ಎರಡು ಕಾದಂಬರಿಗಳಿವೆ. ದೆಹಲಿಯ ಹೇಯ್ಲಿ ರೋಡಿನ ದೊಡ್ಡ ಹಳೇ ಮನೆ, ನಿವೃತ್ತ ನ್ಯಾಯಮೂರ್ತಿ ಅಪ್ಪ, ಎ ಬಿ ಸಿ ಡಿ ಇ ಅಂತ ಅಕ್ಷರದ ಕ್ರಮದಲ್ಲಿ ಹೆಸರಿಟ್ಟ ಐದು ಹೆಣ್ಣುಮಕ್ಕಳು: ಅಂಜಿನಿ, ಬಿನೋದಿನಿ, ಚಂದ್ರಲೇಖಾ, ದೇಬಜಾನಿ, ಈಶ್ವರಿ. ಮೊದಲ ಪುಸ್ತಕದಲ್ಲಿ ಟಿವಿಯಲ್ಲಿ ವಾರ್ತೆ ಓದುವ ನಾಲ್ಕನೆಯವಳು ದೇಬಜಾನಿಗೂ ಒಬ್ಬ ಪತ್ರಕರ್ತನಿಗೂ ಪ್ರೇಮ. ಆ ಪತ್ರಕರ್ತ 1984ರ ಸಿಖ್ ವಿರೋಧಿ ಹಿಂಸೆಯ ಬೆನ್ನು ಹತ್ತಿದವನು. ಹಾಗಾಗಿ ಮೇಲುಮೇಲಿನ ಸರಸದ ಕೆಳಗೆ ದೇಶದ ಒಂದು ಗಾಯವೂ ಇದೆ. ಅದು ಪುಸ್ತಕದ ತೂಕ ಹೆಚ್ಚಿಸಿದೆ.

ನನಗೆ ಇನ್ನೂ ಹಿಡಿಸಿದ್ದು 'ದಿ ಹೌಸ್ ದಟ್ ಬಿಜೆ ಬಿಲ್ಟ್' ಅನ್ನುವ ಎರಡನೆಯದು. ಒಂದು ತಲೆಮಾರು ದಾಟಿದೆ. ಬಿನೋದಿನಿ ತೀರಿಕೊಂಡಿದ್ದಾಳೆ, ಅಪ್ಪನೂ ಇಲ್ಲ. ಬಿನೋದಿನಿ ಬದುಕಿದ್ದಾಗ ಅಪ್ಪನ ಮನೆಯಲ್ಲಿ ತನ್ನ ಪಾಲು ಬಿಡುವುದೇ ಇಲ್ಲ ಅಂತ ಹಟ ಹಿಡಿದಿದ್ದವಳು. ಈಗ ಅವಳ ಮಗಳು ಬೋನು ಅದೇ ಹಟ ಹಿಡಿದಿದ್ದಾಳೆ. ಉಳಿದ ನಾಲ್ವರು ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಮನೆ ಮಾರಿ ದುಡ್ಡು ಹಂಚಿಕೊಳ್ಳಬೇಕು. ಮಾರಿಸಿ ಸಮವಾಗಿ ಹಂಚುತ್ತೇನೆ ಅಂತ ಅಜ್ಜನಿಗೆ ಸಾಯುವ ಹೊತ್ತಲ್ಲಿ ಮಾತು ಕೊಟ್ಟವನು ಸಮರ್. ಅವನು ಅಂಜಿನಿಯ ಮಲಮಗ, ಬೋನು ಚಿಕ್ಕಂದಿನಿಂದ ಮನಸ್ಸಲ್ಲಿಟ್ಟುಕೊಂಡಿದ್ದ ಹುಡುಗ. ಪ್ರೇಮಕ್ಕೆ ಇಂಥ ಅಡ್ಡಿ ಸಿಗುವುದು ಅಪರೂಪ. ಇದರಲ್ಲಿ ಖಳನಿಲ್ಲ, ಕಾಕತಾಳೀಯವಿಲ್ಲ, ಒಬ್ಬರ ಮಾತು ಇನ್ನೊಬ್ಬರು ತಪ್ಪು ತಿಳಿದದ್ದೂ ಇಲ್ಲ. ಆಸ್ತಿ ಇದೆ, ಸತ್ತವರಿಗೆ ಕೊಟ್ಟ ಮಾತಿದೆ, ಎರಡೂ ಕಡೆ ನ್ಯಾಯ ಇದೆ. ಮೊದಲ ಪುಸ್ತಕದಲ್ಲಿ ಒಂದೇ ಹಾಸಿಗೆಯ ಮೇಲೆ ಉರುಳಾಡಿ ನಗುತ್ತಿದ್ದ ಹುಡುಗಿಯರು ಇಲ್ಲಿ ಪಾಲಿಗಾಗಿ ಕಚ್ಚಾಡುವ ಹೆಂಗಸರು. ಇದನ್ನು ಓದುವಾಗ ಎದೆಯಲ್ಲಿ ಏನೋ ಚುಚ್ಚುತ್ತದೆ, ಅದೇ ಪುಟದಲ್ಲಿ ನಗುವೂ ಬರುತ್ತದೆ. ಬಿಡಿ ಕಾದಂಬರಿಗೆ ಇದು ಸಾಧ್ಯವಿಲ್ಲ. ಅವರನ್ನು ಮೊದಲೇ ಬಲ್ಲೆವು ಅನ್ನುವುದರಿಂದ ಮಾತ್ರ ಅದು ಚುಚ್ಚುತ್ತದೆ.

ಈ ಪುಸ್ತಕ ಓದಿದ ಮೇಲೆ ರೈಲಿನಲ್ಲಿ ಪಾಲಿನ ಮಾತು ಬಂದರೆ ನನ್ನ ಕಿವಿ ಆ ಕಡೆಗೇ. ಕರ್ನಾಟಕದಲ್ಲಿ 1994ರಲ್ಲೇ, ಆಗಿನ್ನೂ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕಾನೂನು ತಿದ್ದುಪಡಿ ಆಯಿತು, ಮದುವೆಯಾದವರನ್ನೂ ಸೇರಿಸಿ ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಆದರೂ ನಮ್ಮ ಕಡೆ ಎಷ್ಟೋ ಅಕ್ಕತಂಗಿಯರು ಅರಿಶಿನ ಕುಂಕುಮದ ಹೆಸರಲ್ಲಿ ಏನೋ ಒಂದಿಷ್ಟು ಇಸಕೊಂಡು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿ ಬರುತ್ತಾರೆ. ತವರು ಮನೆ ಬಾಗಿಲು ಮುಚ್ಚದಿರಲಿ ಅಂತ. ಅಂಥ ಕಡೆ ಕೂತು ಬೋನುವಿನ ಹಟವನ್ನು ಓದುವುದಕ್ಕೂ ಬೇರೆ ಎಲ್ಲೋ ಕೂತು ಓದುವುದಕ್ಕೂ ವ್ಯತ್ಯಾಸ ಇದೆ. ವಿಮರ್ಶೆಯಲ್ಲಿ ಆ ವ್ಯತ್ಯಾಸವನ್ನು ಬರೆಯದಿದ್ದರೆ ನಾನು ಬರೆದು ಏನು ಬಂತು?

ಬ್ರಿಟನ್ನಿನ ಟಾಲಿಯಾ ಹಿಬರ್ಟ್ ಬರೆದ ಬ್ರೌನ್ ಅಕ್ಕತಂಗಿಯರ ಮೂರು ಪುಸ್ತಕಗಳು 2019, 2020, 2021ರಲ್ಲಿ ಸಾಲಾಗಿ ಬಂದವು. ಮೊದಲನೆಯದರ ಕ್ಲೋಯಿಗೆ ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ನೋವು, ಸುಸ್ತು, ಯಾವಾಗ ಹೆಚ್ಚಾಗುತ್ತದೆ ಅಂತ ಹೇಳಲಾಗದ ಕಾಯಿಲೆ. ಅವಳಿಗೆ ಪ್ರೀತಿ ಸಿಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಲೇಖಕಿ ಆ ಆಮಿಷಕ್ಕೆ ಬೀಳಲಿಲ್ಲ ಅನ್ನುವುದೇ ನನಗೆ ದೊಡ್ಡದು. ನೋವಿದ್ದ ದಿನ ನೋವಿರುತ್ತದೆ, ಅವತ್ತೂ ಪಕ್ಕದಲ್ಲಿ ಅವಳ ಪ್ರೇಮಿ ರೆಡ್ ಇರುತ್ತಾನೆ, ಅಷ್ಟೇ. ಮೂರನೆಯದರ ಈವ್ ಮನೆಬಿಟ್ಟು ಹೋಗಿ, ಒಂದು ಊಟ-ವಸತಿ ಗೃಹದ ಮಾಲೀಕನಿಗೆ ಕಾರು ಗುದ್ದಿ, ಅವನ ಕೈ ಮುರಿದ ತಪ್ಪಿಗೆ ಅವನ ಅಡುಗೆಮನೆ ನಿಭಾಯಿಸುತ್ತಾಳೆ. ಓದುತ್ತಾ ಜೋರಾಗಿ ನಕ್ಕು ಬೋಗಿಯವರೆಲ್ಲ ತಿರುಗಿ ನೋಡಿದ ಪುಸ್ತಕ ಅದು.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಎರಡನೆಯದರ ಜಾಫಿರ್ ಅನ್ಸಾರಿಯ ಬಳಿ. ಅವನು ವಿಶ್ವವಿದ್ಯಾಲಯದಲ್ಲಿ ಸೆಕ್ಯೂರಿಟಿ ಗಾರ್ಡ್. ಹಿಂದೆ ರಗ್ಬಿ ಆಡುತ್ತಿದ್ದವನು. ಅಪ್ಪ ಮತ್ತು ಅಣ್ಣನನ್ನು ಒಂದೇ ಅಪಘಾತದಲ್ಲಿ ಕಳೆದುಕೊಂಡವನು. ಆತಂಕದ ತೊಂದರೆ ಇದೆ. ಅವನ ಕೈಯಲ್ಲಿ ಸದಾ ಒಂದು ರೊಮ್ಯಾನ್ಸ್ ಕಾದಂಬರಿ, ಯಾರಿಂದಲೂ ಮುಚ್ಚಿಡುವುದಿಲ್ಲ. ಬದುಕಿನಲ್ಲಿ ಎಲ್ಲ ಕುಸಿದಾಗ, ಏನೇ ಆದರೂ ಕೊನೆಗೆ ಒಳ್ಳೆಯದಾಗುತ್ತದೆ ಅನ್ನುವ ಪುಸ್ತಕಗಳು ಅವನನ್ನು ಎತ್ತಿ ನಿಲ್ಲಿಸಿದವು. ಪಕ್ಕದಲ್ಲಿ ನಡುವಿನ ತಂಗಿ ಡಾನಿ. ಪಿಎಚ್‌ಡಿ ಮಾಡುತ್ತಿರುವವಳು, ಸಂಬಂಧ ಅಂದರೆ ದೂರ ಸರಿಯುವವಳು. ಅವಳಿಗೆ ಈ ಗಟ್ಟಿಮುಟ್ಟಾದ ಗಂಡಸಿನ ಓದು ಅರ್ಥವಾಗುವ ದಾರಿಯೇ ಪುಸ್ತಕದ ದಾರಿ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಅವಳನ್ನು ಅವನು ಎತ್ತಿಕೊಂಡು ಬಂದ ವಿಡಿಯೋ ಎಲ್ಲೆಡೆ ಹರಿದಾಡಿ, ಇಬ್ಬರೂ ಜೋಡಿಯಂತೆ ನಟಿಸಬೇಕಾಗಿ ಬರುವುದು ಈ ಪ್ರಕಾರದ ಹಳೇ ಹೂಟ. ನಟನೆ ನಿಜವಾಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಹೂಟ ಹಳೆಯದಾದರೂ ಒಳಗಿನ ಮನುಷ್ಯ ಹೊಸಬ. ಗಂಡಸೊಬ್ಬ ತನ್ನ ದುಃಖವನ್ನು ಕೋಪವಾಗಿಸದೆ, ಕುಡಿತವಾಗಿಸದೆ, ಓದಾಗಿಸಿಕೊಂಡ. ನರ್ಸ್ ಅಕ್ಕನಿಗೆ ಈ ಪುಸ್ತಕ ಕೊಟ್ಟಿದ್ದೆ. ವಾಪಸು ಕೊಡುವಾಗ ಅವರು ಬೇರೇನೂ ಹೇಳಲಿಲ್ಲ, "ಆ ಹುಡುಗ ಸರಿಯಾಗಿ ಹೇಳಿದಾನೆ ಕಣೇ" ಅಂದರು.

ಈಗ ಒಂದೇ ಜೋಡಿಯನ್ನು ಮುಂದುವರಿಸುವ ಬಗೆಯದು. ಹೆಲೆನ್ ಫೀಲ್ಡಿಂಗ್ 1995ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಅಂಕಣವಾಗಿ ಶುರುಮಾಡಿದ ಬ್ರಿಜೆಟ್ ಜೋನ್ಸ್ 1996ರಲ್ಲಿ ಕಾದಂಬರಿಯಾದಳು. ಒಳಗಿನ ಚೌಕಟ್ಟು ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ್ದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯದು. ನಾಯಕನ ಹೆಸರು ಡಾರ್ಸಿ ಅಂತಲೇ ಇದೆ. ಮೊದಲ ಪುಸ್ತಕದ ಕೊನೆಗೆ ಮಾರ್ಕ್ ಡಾರ್ಸಿ ಅವಳಿಗೆ ಸಿಕ್ಕ. 1999ರಲ್ಲಿ ಬಂದ ಎರಡನೆಯದರಲ್ಲಿ ಲೇಖಕಿ ಇಬ್ಬರನ್ನೂ ಬೇರ್ಪಡಿಸಿದರು. ಇನ್ನೊಬ್ಬ ಹೆಣ್ಣಿನ ಮೇಲೆ ಅನುಮಾನ, ಹೇಳದೆ ಉಳಿದ ಮಾತು, ಥಾಯ್ಲೆಂಡಿನ ಜೈಲು, ಆಮೇಲೆ ಮತ್ತೆ ಒಂದು. ತುಂಬ ನಗಿಸುವ ಪುಟಗಳು ಅದರಲ್ಲಿವೆ. ಆದರೂ ನನ್ನ ತಕರಾರು ಉಳಿದೇ ಇದೆ. ಒಂದು ಮಾತು ಕೇಳಿದ್ದರೆ ಬಗೆಹರಿಯುತ್ತಿದ್ದ ವಿಷಯಕ್ಕೆ ಇಡೀ ಪುಸ್ತಕ ಎಳೆದಾಗ, ಮೊದಲ ಪುಸ್ತಕದಲ್ಲಿ ಅವರಿಬ್ಬರೂ ಕಲಿತದ್ದು ಏನೂ ಇಲ್ಲವೇನೋ ಅನ್ನಿಸುತ್ತದೆ. ಹೊಸ ಪುಸ್ತಕಕ್ಕೆ ಜಾಗ ಮಾಡಲು ಹಳೇ ಪುಸ್ತಕವನ್ನು ಸುಳ್ಳು ಮಾಡಿದ ಹಾಗೆ.

ಮೂರನೆಯದು ಬಂದದ್ದು 2013ರಲ್ಲಿ. ಅದು ಶುರುವಾಗುವ ಹೊತ್ತಿಗೆ ಮಾರ್ಕ್ ಡಾರ್ಸಿ ಸತ್ತುಹೋಗಿದ್ದಾನೆ. ಪುಸ್ತಕ ಬರುವ ಹೊತ್ತಿಗೇ ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಇದು, ಇದನ್ನು ಬಿಟ್ಟು ಆ ಪುಸ್ತಕದ ಬಗ್ಗೆ ಮಾತಾಡಲು ಬರುವುದಿಲ್ಲ. ಬ್ರಿಜೆಟ್ ಈಗ ಐವತ್ತು ದಾಟಿದ ವಿಧವೆ, ಎರಡು ಸಣ್ಣ ಮಕ್ಕಳ ತಾಯಿ. ಓದುಗರು ಸಿಟ್ಟಾದರು, ಮೋಸ ಅಂದರು. ನಾನು ಆ ಗುಂಪಿನಲ್ಲಿಲ್ಲ. ಎರಡನೆಯದು ಮಾಡಿದ ಅನ್ಯಾಯವನ್ನು ಮೂರನೆಯದು ಮಾಡಲಿಲ್ಲ. ಅವನು ಅವಳನ್ನು ಪ್ರೀತಿಸಿದ್ದು ನಿಜ, ಆ ಸಂಸಾರ ಚೆನ್ನಾಗಿ ನಡೆದದ್ದು ನಿಜ, ಈ ದುಃಖ ಇಷ್ಟು ದೊಡ್ಡದಾಗಿರುವುದೇ ಅದಕ್ಕೆ. ಮಕ್ಕಳ ತಲೆಗೆ ಹೇನು ಹತ್ತಿದ್ದು, ಶಾಲೆಗೆ ತಡವಾದದ್ದು, ರಾತ್ರಿ ಒಬ್ಬಳೇ ಕೂತದ್ದು ಎಲ್ಲ ಒಂದೇ ದಿನಚರಿಯಲ್ಲಿ ಬೆರೆತು ಬರುತ್ತದೆ. ನಮ್ಮಲ್ಲಿ ಗಂಡ ಸತ್ತ ಹೆಂಗಸು ನಕ್ಕರೆ ಈಗಲೂ ಹುಬ್ಬೇರಿಸುವವರಿದ್ದಾರೆ. ಅವಳು ಮತ್ತೆ ನಗಬಹುದು, ಮತ್ತೆ ಯಾರನ್ನೋ ನೋಡಿ ಎದೆ ಹಾರಬಹುದು ಅಂತ ಬರೆದ ನಗೆಯ ಕಾದಂಬರಿಗೆ ನಾನು ಋಣಿ. ಸರಣಿಯೊಂದು ಹಳೇ ಸುಖಕ್ಕೆ ಸಾವು ತಂದರೂ ತಡೆದುಕೊಳ್ಳಬಹುದು, ಆ ಸುಖವೇ ಪೊಳ್ಳಾಗಿತ್ತು ಅಂತ ತೋರಿಸಿದರೆ ತಡೆದುಕೊಳ್ಳಲಾಗುವುದಿಲ್ಲ.

ಹೆಲೆನ್ ಹೋಯಾಂಗ್ ಅವರ ಮೂರು ಪುಸ್ತಕಗಳು (2018, 2019, 2021) ವಿಮರ್ಶೆ ಬರೆಯುವವರನ್ನು ಬೇರೆ ರೀತಿ ಪರೀಕ್ಷಿಸುತ್ತವೆ. ಮೊದಲನೆಯದರಲ್ಲಿ ಆಟಿಸಂ ಇರುವ, ಲೆಕ್ಕದಲ್ಲಿ ಪಳಗಿದ ಸ್ಟೆಲ್ಲಾ. ಎರಡನೆಯದರಲ್ಲಿ ವಿಯೆಟ್ನಾಮಿನಿಂದ ಬಂದ ಎಸ್ಮೆ. ಈ ಎರಡರಲ್ಲೂ ಪಕ್ಕದಲ್ಲಿ ನಿಂತು ನಗಿಸುತ್ತಿದ್ದ ಕ್ವಾನ್‌ಗೆ ಮೂರನೆಯದು ಸಿಕ್ಕಿತು. ಓದುಗರು ಅವನಿಗಾಗಿ ಕಾದಿದ್ದರು, ಹಗುರವಾದ ಪುಸ್ತಕ ಬರುತ್ತದೆ ಅಂದುಕೊಂಡಿದ್ದರು. ಬಂದದ್ದು ಹಾಸಿಗೆ ಹಿಡಿದ ತಂದೆಯ ಆರೈಕೆಯಲ್ಲಿ ಒಳಗೊಳಗೇ ಬತ್ತಿಹೋಗುವ, ಮನೆಯವರಿಗೆ "ನನ್ನಿಂದ ಆಗಲ್ಲ" ಅನ್ನಲು ಬಾರದ ಪಿಟೀಲು ವಾದಕಿ ಆನಾಳ ಕತೆ. ನಗು ಬಹಳ ಕಮ್ಮಿ. ಇದು ಕಾಮಿಡಿಯೇ ಅಲ್ಲ ಅಂತ ಅಂಕ ಕಳೆದವರಿದ್ದಾರೆ. ಲೆಕ್ಕದ ಪ್ರಕಾರ ಅವರು ಹೇಳುವುದು ಸರಿ. ಆದರೆ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳ ಮೇಲೆ ಎಲ್ಲ ಬಿದ್ದು, ಉಳಿದವರು ಫೋನಿನಲ್ಲಿ ಸಲಹೆ ಕೊಡುವುದನ್ನು ಕಂಡವರಿಗೆ ಆ ಪುಸ್ತಕ ಬೇರೆಯಾಗಿ ತ‌ಟ್ಟುತ್ತದೆ. ನಾನು ಬರೆದದ್ದು ಇಷ್ಟು: ನಗಬೇಕು ಅಂತ ಇದನ್ನು ತೆಗೆದುಕೊಳ್ಳಬೇಡಿ, ಮನೆಯಲ್ಲಿ ಈಗ ಕಾಯಿಲೆಯವರಿದ್ದರೆ ಸ್ವಲ್ಪ ತಡೆದು ಓದಿ, ಓದದೆ ಮಾತ್ರ ಬಿಡಬೇಡಿ. ಹಿಂದಿನ ಎರಡು ಪುಸ್ತಕಗಳಲ್ಲಿ ಕ್ವಾನ್ ಎಷ್ಟು ನಂಬಿಕಸ್ತ ಅಂತ ನೋಡಿದ್ದೇವಲ್ಲ, ಇಲ್ಲಿ ಆನಾ ಕುಸಿದಾಗ ಅವನು ಬಂದು ನಿಲ್ಲುತ್ತಾನೆ ಅಂತ ನಮಗೆ ಧೈರ್ಯ ಇರುತ್ತದೆ. ಆ ಧೈರ್ಯ ಕೊಟ್ಟದ್ದು ಸರಣಿ.

ಸಿಟ್ಟು ಬರಿಸುವ ಅಭ್ಯಾಸಗಳೂ ಇವೆ. ಮುಂದಿನ ಪುಸ್ತಕದ ನಾಯಕನನ್ನು ಈಗಿನ ಪುಸ್ತಕಕ್ಕೆ ಕರೆತಂದು, ಅವನ ಹೆಗಲು, ಅವನ ಗಡ್ಡ, ಅವನ ಗುಟ್ಟು ಅಂತ ಎರಡು ಪುಟ ಬರೆದು ಕಳಿಸುವುದು. ಈ ಕತೆಗೆ ಅವನಿಂದ ಏನೂ ಆಗಬೇಕಾಗಿರುವುದಿಲ್ಲ. ಹಳೇ ಜೋಡಿಯನ್ನು ಬರೀ ಗರ್ಭಿಣಿಯಾದ ಸುದ್ದಿ ಹೇಳಲು ಕರೆಸುವುದು ಇನ್ನೊಂದು. ಮೊದಲ ಪುಸ್ತಕದಲ್ಲಿ ಅಷ್ಟು ಮಾತಾಡುತ್ತಿದ್ದ ಹೆಣ್ಣು ಎರಡನೆಯದರಲ್ಲಿ ಹೊಟ್ಟೆ ಮೇಲೆ ಕೈಯಿಟ್ಟು ಮುಗುಳ್ನಕ್ಕು ಮರೆಯಾಗುತ್ತಾಳೆ. ಅವಳ ಕೆಲಸ ಏನಾಯಿತು, ಅವಳ ಸಿಟ್ಟು ಎಲ್ಲಿ ಹೋಯಿತು? ಮತ್ತೆ ಆ ಮುಕ್ಕಾಲು ಭಾಗದ ಜಗಳ. ಪುಸ್ತಕ ಎಪ್ಪತ್ತೈದು ಎಂಬತ್ತು ಪರ್ಸೆಂಟ್ ಮುಗಿಯುತ್ತಿದ್ದಂತೆ ಜೋಡಿ ಮುರಿಯಲೇಬೇಕು ಅನ್ನುವ ನೇಮ. ಬೇರು ಇರುವ ಜಗಳ ಆದರೆ ನಾನೂ ಅಳುತ್ತೇನೆ. ಬೋನು ಮತ್ತು ಸಮರ್ ಜಗಳಕ್ಕೆ ಮೊದಲ ಪುಟದಿಂದ ಬೇರು ಇದೆ. ಬೇರಿಲ್ಲದೆ ಬರೀ ಪುಟಸಂಖ್ಯೆ ನೋಡಿ ಬಂದ ಜಗಳ ಎಷ್ಟೇ ಕಣ್ಣೀರು ಸುರಿಸಿದರೂ ಒಣಗಿಯೇ ಇರುತ್ತದೆ.

ಈ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಜವಾಬ್ದಾರಿ ಇದೆ. ಹಿಬರ್ಟ್, ಹೋಯಾಂಗ್ ಇಬ್ಬರ ಪುಸ್ತಕದಲ್ಲೂ ಮಲಗುವ ಕೋಣೆಯ ಬಾಗಿಲು ತೆರೆದೇ ಇರುತ್ತದೆ, ವಿವರವಾಗಿಯೇ ಬರೆಯುತ್ತಾರೆ. ರಕ್ಷಾಪುಟ ನೋಡಿದರೆ ಮಕ್ಕಳ ಪುಸ್ತಕದಂತೆ ಗೊಂಬೆ ಚಿತ್ರ. ಪಿಯುಸಿ ಓದುವ ಮಗಳಿಗೆ ಹುಟ್ಟುಹಬ್ಬಕ್ಕೆ ಕೊಡಲು ಹೊರಟ ತಾಯಿಗೆ ಅದನ್ನು ಹೇಳಬೇಕಾದ್ದು ವಿಮರ್ಶೆ ಬರೆಯುವವಳ ಕೆಲಸ. ಮೂಗು ಮುರಿಯದೆ, ಕಿಸಕ್ ಅನ್ನದೆ, ಇದೆ ಅಂತ ಹೇಳಿದರೆ ಸಾಕು, ತೀರ್ಮಾನ ಅವರದು. ಆ ಭಾಗಗಳನ್ನೂ ಬರವಣಿಗೆಯಾಗಿಯೇ ನೋಡಬೇಕು. ಒಪ್ಪಿಗೆ ಕೇಳುವ ಮಾತು ಸಹಜವಾಗಿ ಬಂದಿದೆಯಾ, ಆ ದೃಶ್ಯ ಆದಮೇಲೆ ಅವರಿಬ್ಬರ ನಡುವೆ ಏನಾದರೂ ಬದಲಾಯಿತಾ ಅಂತ. ಯಾವ ಕ್ರಮದಲ್ಲಿ ಓದಬೇಕು ಅನ್ನುವುದನ್ನೂ ಬರೆಯುತ್ತೇನೆ. ಬ್ರೌನ್ ಅಕ್ಕತಂಗಿಯರನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದು. ಠಾಕೂರರ ಮನೆಗೆ ಮಾತ್ರ ಮುಂಬಾಗಿಲಿಂದಲೇ ಹೋಗಬೇಕು.

ಇಷ್ಟೆಲ್ಲ ಓದುವಾಗ ಒಂದು ಆಸೆ ಬಲಿಯುತ್ತಲೇ ಇದೆ. ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕೂತು, ದಿನದ ಬಾಡಿಗೆಗೆ ಕಾದಂಬರಿ ತಂದು, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಓದಿದ ಹೆಂಗಸರ ಊರು ನಮ್ಮದು. ಅಡುಗೆಮನೆ ಸಾಹಿತ್ಯ ಅಂತ ಕರೆದವರು ಕರೆಯುತ್ತಲೇ ಇದ್ದರು, ಓದುವವರು ಓದುತ್ತಲೇ ಇದ್ದರು. ಅಂಥ ಓದುಗರಿಗೆ ಕನ್ನಡದಲ್ಲೇ ಒಂದು ಸರಣಿ ಬೇಕು. ನನ್ನ ತಲೆಯಲ್ಲಿ ಅದು ಹೀಗಿದೆ. ಎಸ್.ಎಸ್. ಪುರಂನಲ್ಲಿ ಹಳೇ ಮನೆ, ತಿಪಟೂರು ಕಡೆ ತೆಂಗಿನ ತೋಟ, ಮೂವರು ಅಕ್ಕತಂಗಿಯರು, ಒಬ್ಬ ಅಣ್ಣ. ಅಪ್ಪ ಹೋದ ಮೇಲೆ ಅಣ್ಣ ಮೂವರನ್ನೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಸುತ್ತಾನೆ, ಬಿಡುಗಡೆ ಪತ್ರಕ್ಕೆ ಸೈನ್ ಹಾಕಿ ಅಂತ. ನಡುವಿನವಳು ಪತ್ರವನ್ನು ಪೂರ್ತಿ ಓದುತ್ತಾಳೆ, ಪೆನ್ನು ಕೆಳಗಿಡುತ್ತಾಳೆ. ಪತ್ರ ಬರೆದ ಹುಡುಗ ಅಲ್ಲೇ ಕೂತಿದ್ದಾನೆ, ಅವನಿಗೆ ಅವತ್ತಿನ ಫೀಸು ಹೋಯಿತು. ಅಲ್ಲಿಂದ ಶುರು. ಸಿದ್ಧಗಂಗೆಯ ಜಾತ್ರೆ ಬರಲಿ, ಅಮಾನಿಕೆರೆಯ ದಂಡೆಯಲ್ಲಿ ವಾಕಿಂಗ್ ಬರಲಿ, ಅಣ್ಣನನ್ನು ಖಳನನ್ನಾಗಿ ಮಾಡುವುದು ಮಾತ್ರ ಬೇಡ, ಅವನಿಗೂ ಸಾಲ ಇರಲಿ, ಸಂಕೋಚ ಇರಲಿ.

ಇದನ್ನು ರೈಲಿನಲ್ಲಿ ಹೇಳಿದೆ. ಓದೋಕೆ ಏನಿರುತ್ತೆ ಅಂತ ಕೇಳಿದ್ದ ಬ್ಯಾಂಕಿನವರೇ ಮೊದಲು ಬಾಯಿ ಹಾಕಿದರು. "ಅದೆಂಗೆ ನಡುವಿನೋಳ್ದು ಮೊದಲು? ದೊಡ್ಡೋಳಿಗೆ ಮೊದಲು ಮಾಡಮ್ಮ, ಆಮೇಲೆ ಉಳಿದೋರಿಗೆ." ನಾನು ಒಪ್ಪಲಿಲ್ಲ. ದೊಡ್ಡವಳದು ಮೂರನೇ ಪುಸ್ತಕವೇ ಆಗಬೇಕು. ಅವಳು ಮೊದಲ ಪುಸ್ತಕದಲ್ಲಿ ಸದ್ದಿಲ್ಲದೆ ಸೈನ್ ಹಾಕಿದವಳು, ಎರಡನೆಯದರಲ್ಲಿ ಕಿರಿಯವಳ ಮದುವೆಗೆ ತನ್ನ ಬಳೆ ಅಡವಿಟ್ಟವಳು. ಎರಡು ಪುಸ್ತಕ ಅವಳು ಎಲ್ಲರಿಗೂ ಬಡಿಸುವುದನ್ನು ನೋಡಿದ ಮೇಲೆ, ಮೂರನೆಯದರಲ್ಲಿ ಯಾರೋ ಒಬ್ಬ ಅವಳನ್ನು ಕೂರಿಸಿ "ನಿಮಗೆ ಏನಿಷ್ಟ?" ಅಂತ ಕೇಳಿದರೆ ಓದುಗರಿಗೆ ಎದೆ ತುಂಬಿ ಬರುತ್ತದೆ. ಮೊದಲನೆಯದರಲ್ಲೇ ಕೇಳಿಬಿಟ್ಟರೆ ಅದು ಬರೀ ಒಂದು ಪ್ರಶ್ನೆ. ಬ್ಯಾಂಕಿನವರು ಚಿಕ್ಕಬಾಣಾವರದವರೆಗೂ ಯೋಚನೆ ಮಾಡಿದರು. ಇಳಿಯುವ ಮುಂಚೆ, ಹಾಗಾದರೆ ಎರಡನೇ ಪುಸ್ತಕದಲ್ಲಿ ಅವನನ್ನು ಒಂದು ಸಲ ತೋರಿಸಲೇಬೇಕು ಅಂದರು. ಹೆಗಲು, ಗಡ್ಡ ಏನೂ ಬೇಡ, ಮದುವೆ ಮನೆಯಲ್ಲಿ ಅವಳ ಕೈಯಿಂದ ಬಡಿಸುವ ಬಕೆಟ್ ಇಸಕೊಳ್ಳುವಷ್ಟು ಸಾಕು. ಅದನ್ನು ಮಾತ್ರ ನಾನು ತಕ್ಷಣ ಒಪ್ಪಿಕೊಂಡೆ.